ತುದಿಗಿಟ್ಟ ಕಡೆಯುವ ಕಲ್ಲು

ಕಿರಿಮಂಜೇಶ್ವರ ದಾಟಿ ಬೈಂದೂರಿನ ಕಡೆ ಹೊರಟರೆ, ಹೆದ್ದಾರಿಯ ಬಲಬದಿಯಲ್ಲಿ ಕಡೆಯುವ ಕಲ್ಲುಗಳನ್ನು, ಅಂದರೆ ಹಿಟ್ಟು ರುಬ್ಬುವ ಒರಳುಗಳನ್ನು, ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಪುರವೊಂದು ಸಿಗುತ್ತದೆ. ಕೆಳಗೆ ಅಗಲ, ಮೇಲೆ ಹೋದ ಹಾಗೆ ಕಿರಿದು. ಒಂದೊಂದು ಕಲ್ಲನ್ನೂ ಅದರ ಗುಳಿ ರಸ್ತೆಗೆ ಕಾಣುವಂತೆ ಅಡ್ಡ ಮಲಗಿಸಿ ಗಾರೆ ಹಾಕಿದ್ದಾರೆ. ಕೆಂಪುಕಲ್ಲಿನ ಪೀಠದ ಮೇಲೆ 'ರಾಷ್ಟ್ರೀಯ ಐಕ್ಯತಾ ಸ್ತಂಭ' ಎಂದು ಬರೆದಿದೆ. ಬಸ್ಸಿನ ಕಂಡಕ್ಟರುಗಳು ಅಷ್ಟುದ್ದ ಹೇಳುವ ಗೋಜಿಗೆ ಹೋಗದೆ, "ಕಲ್ಲ್, ಕಲ್ಲ್ ಇಳೂರ್ ಬನಿ" ಎಂದು ಕೂಗುತ್ತಾರೆ.

ವಾರಕ್ಕೊಮ್ಮೆ ಅದನ್ನು ತೊಳೆಯುತ್ತಿದ್ದವರು ಚಂದು. ಮಳೆಗಾಲದಲ್ಲಿ ಕಲ್ಲಿನ ಮೈಗೆ ಪಾಚಿ ಹತ್ತುತ್ತದೆ, ಲಾರಿಗಳು ಎರಚಿದ ಕೆಸರು ಫಲಕಗಳ ಮೇಲೆ ಒಣಗುತ್ತದೆ. ಅವರು ಅಲ್ಯೂಮಿನಿಯಂ ಏಣಿ ಒರಗಿಸಿ, ತೆಂಗಿನ ನಾರಿನಿಂದ ಪುಣೆ, ಸೂರತ್, ಇಂದೋರ್ ಎಂದು ಒಂದೊಂದನ್ನೇ ಉಜ್ಜುತ್ತ ಮೇಲೇರುತ್ತಿದ್ದರು. ತುದಿಯ ಕಲ್ಲಿಗೆ ಬಂದಾಗ ಮಾತ್ರ ಒಂದು ಚೊಂಬು ನೀರು ಸುರಿದು, ಮುಖ ತಿರುಗಿಸಿ ಇಳಿದುಬಿಡುತ್ತಿದ್ದರು. ಆ ಕಲ್ಲಿನ ಕೆಳಗಿನ ಫಲಕದಲ್ಲಿ ಅವರದೇ ಹೆಸರಿತ್ತು.

ಚಂದು ಹುಟ್ಟಿದ್ದು ಹಾಲಾಡಿಯಲ್ಲಿ, ಗದ್ದೆ ಇದ್ದ ಮನೆಯಲ್ಲಿ. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಹೋದರು. ಒಂದೇ ಹೋಟೆಲಿನಲ್ಲಿ ಮೊದಲು ಲೋಟ ತೊಳೆದರು, ಆಮೇಲೆ ಸಪ್ಲೈಯರ್ ಆದರು, ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಗಲ್ಲಾ ಬೇರೆಯವರದ್ದೇ. ಹಬ್ಬಕ್ಕೆ ಊರಿಗೆ ಬಂದಾಗ ಹಾಲಾಡಿಯ ಪೇಟೆಯಲ್ಲಿ ಯಾರಾದರೂ, "ಬೊಂಬಾಯಂಗೆ ನಿಮ್ದ್ ಯಾವ ಹೋಟ್ಲ್?" ಎಂದು ಕೇಳಿದರೆ ಹೋಟೆಲಿನ ಹೆಸರು ಹೇಳುತ್ತಿದ್ದರು. ತನ್ನದು ಎನ್ನುತ್ತಿರಲಿಲ್ಲ, ತನ್ನದಲ್ಲ ಎಂದೂ ಅನ್ನುತ್ತಿರಲಿಲ್ಲ. ಕೇಳಿದವರು ತಮಗೆ ಬೇಕಾದ ಹಾಗೆ ತಿಳಿದುಕೊಳ್ಳುತ್ತಿದ್ದರು. ಹಾಗೆ ತಿಳಿದುಕೊಂಡವರ ಮುಖದಲ್ಲಿ ಮೂಡುವ ಗೌರವ ಚಂದುವಿಗೆ ಹಿತವಾಗಿತ್ತು.

ಮಾಲೀಕರು ಹೋಟೆಲನ್ನು ಮಾರಿದ ಮೇಲೆ ಅವರು ಹೆಂಡತಿ ಸ್ನೇಹಲತಾ ಅವರ ತವರಿನ ಕಡೆ, ಕಿರಿಮಂಜೇಶ್ವರಕ್ಕೆ ಬಂದು ನೆಲೆಸಿದರು. ಸ್ನೇಹಲತಾ ಮನೆಯ ಜಗಲಿಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಚಂದುವಿಗೆ ಮಾಡಲು ಏನೂ ಇರಲಿಲ್ಲ.

ಗೋಪುರದ ಯೋಚನೆ ಸುಜನ್ ಎಂಬವರದು. ಪುಣೆಯಲ್ಲಿ ಅವರ ತಂದೆ ಕಟ್ಟಿದ ಹೋಟೆಲಿದೆ. ಅಡುಗೆಮನೆ ಹೊಸದಾಗಿ ಕಟ್ಟಿಸುವಾಗ ಗೋಣಿಗಳ ಕೆಳಗೆ ಹಳೆಯ ಕಡೆಯುವ ಕಲ್ಲು ಸಿಕ್ಕಿತು. ಗ್ರೈಂಡರ್ ಬರುವ ಮುಂಚೆ ಊರಿನಿಂದ ಹೋದ ಹುಡುಗರು ಬೆಳಗಿನ ಜಾವ ಎದ್ದು ಇಡ್ಲಿ ಹಿಟ್ಟು ಕಡೆದ ಕಲ್ಲು. ಕೆಲಸದವರು ಅದನ್ನು ಕಸದ ಗಾಡಿಗೆ ಹಾಕಲು ಹೊರಟಾಗ ಸುಜನ್ ಮನಸ್ಸು ಒಪ್ಪಲಿಲ್ಲ. ಊರಿಗೆ ಬರುವ ಲಾರಿಗೆ ಹೇರಿ ಕಳಿಸಿದರು. ಆಮೇಲೆ ಪರವೂರುಗಳಲ್ಲಿ ಹೋಟೆಲ್ ಇಟ್ಟ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆಲ್ಲ ಮೊಬೈಲಿನಲ್ಲಿ ಸಂದೇಶ ಹೋಯಿತು: ನಿಮ್ಮಲ್ಲೂ ಹಳೆಯ ಕಲ್ಲಿದ್ದರೆ ಕಳಿಸಿ, ಎಲ್ಲ ರಾಜ್ಯಗಳ ಕಲ್ಲು ಸೇರಿಸಿ ನಮ್ಮೂರಿನಲ್ಲಿ ಒಂದು ಸ್ಮಾರಕ ಮಾಡುವ.

ಕಲ್ಲುಗಳು ಬರತೊಡಗಿದವು. ಚೆನ್ನೈಯದ್ದು ಕಪ್ಪು, ಜೈಪುರದ್ದಕ್ಕೆ ಕೆಂಪು ಛಾಯೆ, ಗುವಾಹಟಿಯದ್ದು ರೈಲಿನಲ್ಲಿ ಬರುವಾಗ ಅಂಚು ಒಡೆದಿತ್ತು. ಗುಂಡುಕಲ್ಲುಗಳನ್ನು ಯಾರೂ ಕಳಿಸಲಿಲ್ಲ, ಬೇಕೂ ಇರಲಿಲ್ಲ. ಲಾರಿಯಿಂದ ಇಳಿಸಿಕೊಳ್ಳಲು ಸ್ಥಳದಲ್ಲಿ ಒಬ್ಬರು ಬೇಕಿತ್ತು, ಚಂದು ಒಪ್ಪಿಕೊಂಡರು. ನೋಡಲು ನಿಂತವರಿಗೆ ಅವರು ವಿವರಿಸುತ್ತಿದ್ದರು: "ಊರ್ ಬೇರೆ ಬೇರೆ ಮಾರ್ರೆ, ಕಡ್ದ ಹಿಟ್ಟ್ ಒಂದೇ." ಈ ಮಾತು ಸುಜನ್‌ಗೆ ಹಿಡಿಸಿ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಯಿತು. ಯಾರು ಹೇಳಿದ್ದೆಂದು ಅಚ್ಚಾಗಲಿಲ್ಲ. ಪ್ರತಿ ಕಲ್ಲಿನ ಕೆಳಗೆ ರಾಜ್ಯ, ಊರು, ಕೊಟ್ಟ ಮಾಲೀಕರ ಹೆಸರು ಇರುವ ಕರಿಕಲ್ಲಿನ ಫಲಕ ಕೂರಿಸಿದರು. ಹೊತ್ತು ಇಳಿಸಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಅದು ಸಹಜವೇ ಎಂದು ಚಂದು ತಮಗೆ ತಾವೇ ಹೇಳಿಕೊಂಡರು, ಒಂದಕ್ಕಿಂತ ಹೆಚ್ಚು ಸಲ.

ಆಗಸ್ಟ್ ಹದಿನೈದಕ್ಕೆ ಉದ್ಘಾಟನೆ. ಎರಡು ದಿನ ಮೊದಲು ಸುಜನ್ ಗೋಪುರದ ಎದುರು ನಿಂತು, ವೇದಿಕೆಯ ಮೇಲೆ ಓದಬೇಕಾದ ರಾಜ್ಯಗಳ ಹೆಸರನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದರು. ಓದಿ ಮುಗಿಸಿದವರು ತಲೆ ಎತ್ತಿದರು.

"ಹ್ವಾಯ್, ನಮ್ ಕರ್ನಾಟಕದ್ದ್ ಎಲ್ಲಿತ್ತ್?"

ಸಂದೇಶ ಹೋಗಿದ್ದು ಹೊರರಾಜ್ಯದಲ್ಲಿ ಹೋಟೆಲ್ ಇದ್ದವರಿಗೆ. ಕಲ್ಲು ಬರುವುದೇನಿದ್ದರೂ ಹೊರಗಿನಿಂದ ಎಂದು ಎಲ್ಲರೂ ತಿಳಿದಿದ್ದರು. ತಮ್ಮೂರೂ ಒಂದು ರಾಜ್ಯದ ಒಳಗಿದೆ ಎಂಬುದು ಇಷ್ಟು ತಿಂಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ನಮ್ ಮನಿದ್ದ್ ಇತ್ತ್," ಎಂದರು ಚಂದು. "ಹಾಲಾಡಿ ಮನಿದ್ದ್. ಅಬ್ಬೆ ಕಡೂ ಕಲ್ಲ್."

"ನೀವೇ ಸಯ್ ಚಂದಣ್ಣ!" ಸುಜನ್ ಆಗಲೇ ಮೊಬೈಲ್ ಕಿವಿಗಿಟ್ಟಾಗಿತ್ತು. "ಹೆಸರ್ ಕೊರುಕೆ ಈಗ್ಳೆ ಹೇಳ್ತೆ."

ಫಲಕ ಕೆತ್ತುವವನಿಗೆ ಹೆಸರು ಹೋದ ಮೇಲೆ ಚಂದು ಹಾಲಾಡಿಗೆ ಫೋನು ಮಾಡಿದರು. ಅತ್ತಿಗೆ ನಕ್ಕರು. "ಆ ಕಲ್ಲಾ? ಹೊಸ ಮನಿ ಕಟ್ಟತಿಗೆ ಒಡ್ದ್ ಪಂಚಾಂಗಕ್ಕ್ ಹಾಕಿ ಆಯ್ತಲೆ. ನಿಮ್ಗೀಗ ಕಡುಕೆ ಎಂತ ಇತ್ತ್ ಮಾರಾಯ್ರೆ?"

ಕಲ್ಲು ಮನೆಯ ಅಡಿಪಾಯದಲ್ಲಿತ್ತು, ಹೆಸರು ಕೆತ್ತುವವನ ಉಳಿಯ ಕೆಳಗಿತ್ತು. ಆಗಲೂ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಚಂದು ಹೇಳಲಿಲ್ಲ. ಅವರು ಹೆದ್ದಾರಿ ದಾಟಿ ಕಡಲಿನ ಬದಿಯ ಓಣಿಗೆ ಇಳಿದು, ಜಲಜ ಅವರ ಮನೆಗೆ ಹೋದರು.

ಜಲಜ ಮೊದಲು ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದವರು. ಮೊಣಕಾಲು ನೋವು ಹಿಡಿದ ಮೇಲೆ ಬುಟ್ಟಿ ಬಿಟ್ಟರು. ಹೆದ್ದಾರಿಯ ಬದಿಯಲ್ಲಿ ಒಂದು ಮೀನೂಟದ ಹೋಟೆಲಿದೆ. ಅದರ ಬೋರ್ಡಿನಲ್ಲೇ 'ಕಲ್ಲಿನಲ್ಲಿ ಕಡೆದ ಮಸಾಲೆ' ಎಂದು ಬರೆದಿದೆ. ಆ ಕಲ್ಲು ಜಲಜ ಅವರ ಹಿಂಜಗಲಿಯದ್ದು. ಕಾಯಿ, ಮೆಣಸು, ಕೊತ್ತಂಬರಿ ಹಾಕಿ ದಿನಾ ಬೆಳಿಗ್ಗೆ ಅವರು ಕಡೆದುಕೊಡುವ ಮಸಾಲೆಯಿಂದಲೇ ಅಲ್ಲಿಯ ಸಾರು. ಕಲ್ಲಿನ ಮುಂದೆ ಎತ್ತರದ ಮಣೆ ಹಾಕಿ ಕೂತರೆ ಮೊಣಕಾಲು ಮಡಚಬೇಕಿರಲಿಲ್ಲ. ಅವರಿಗೆ ಒಗ್ಗಿದ ಕೆಲಸ ಅದೊಂದೇ.

"ಎರಡ್ ದಿನಕ್ಕ್ ಮಾತ್ರ, ಜಲಜಕ್ಕ," ಎಂದರು ಚಂದು. "ಸಭೆ ಮುಗ್ದದ್ದೇ ತಂದ್ ಹಾಕ್ತೆ. ದೇಶದ್ ಕೆಲ್ಸ. ನಿಮ್ ಹೆಸರೂ ಬರ್ಸ್ತೆ."

"ನನ್ ಹೆಸರ್ ಎಂತಕ್ಕೆ? ಬರ್ಸುದಾರೆ ನಮ್ ಅತ್ತಿ ಹೆಸರ್ ಬರ್ಸಿ. ಸೀತು ಅಂದೇಳಿ. ಕಲ್ಲ್ ಅವ್ರದ್ದ್." ಜಲಜ ಕೈ ಒರೆಸಿಕೊಂಡು ಕಲ್ಲಿನಿಂದ ಗುಂಡನ್ನು ಎತ್ತಿ ಬದಿಗಿಟ್ಟರು. "ಗುಂಡ್ ಬೇಡ್ದಾ?"

"ಬೇಡ. ಕಲ್ಲ್ ಸಾಕ್."

ಗೋಪುರದ ತುದಿಯಲ್ಲಿ ಬಾವುಟದ ಪೈಪು ನಿಲ್ಲಿಸಬೇಕಿತ್ತು, ಎಲ್ಲಿ ಎಂಬುದು ಅಲ್ಲಿಯತನಕ ತೀರ್ಮಾನವಾಗಿರಲಿಲ್ಲ. ಕೊನೆಗೆ ಬಂದ ಕಲ್ಲನ್ನು ನೋಡಿದ್ದೇ ಸುಜನ್‌ಗೆ ಹೊಳೆಯಿತು: ಇದೊಂದನ್ನು ಗುಳಿ ಮೇಲಾಗಿ ತುದಿಗಿಟ್ಟು, ಗುಳಿಯಲ್ಲಿ ಪೈಪು ನಿಲ್ಲಿಸಿ ಕಾಂಕ್ರೀಟು ಸುರಿದರಾಯಿತು. ಗಾರೆ ಕೆಲಸದ ಕರಿಯ ಮೇಸ್ತ್ರಿ ಕಾಂಕ್ರೀಟಿನ ಬಾಂಡ್ಲಿ ಎತ್ತಿದವರು ಕೈ ತಡೆದರು. ಅವರ ಮನೆಯೂ ಜಲಜ ಅವರ ಓಣಿಯಲ್ಲೇ.

"ಚಂದಣ್ಣ, ಇದ್ರಗೆ ಮತ್ತೆ ಕಡುಕಿಲ್ದಾ?"

ಸುಜನ್ ಪಕ್ಕದಲ್ಲೇ ನಿಂತಿದ್ದರು. ಚಂದು ರಸ್ತೆಯ ಕಡೆ ನೋಡುತ್ತ ಹೇಳಿದರು: "ಹಾಕ್."

ಉದ್ಘಾಟನೆ ಚೆನ್ನಾಗಿಯೇ ನಡೆಯಿತು. ಮಳೆ ಬಿಡುವು ಕೊಟ್ಟಿತ್ತು. ಒಬ್ಬೊಬ್ಬ ಮಾಲೀಕರ ಹೆಸರು ಓದುವಾಗಲೂ ಚಪ್ಪಾಳೆ ಬಿತ್ತು, ಕೊನೆಯಲ್ಲಿ ಚಂದುವಿನ ಹೆಸರಿಗೂ ಬಿತ್ತು. ಹಾಲಾಡಿಯ ಹಳೆಯ ಪರಿಚಯದವರೊಬ್ಬರು ಕೈ ಕುಲುಕಿದರು. ಜಲಜ ಹೆಂಗಸರ ಸಾಲಿನಲ್ಲಿ ನಿಂತು ತುದಿಯ ಕಡೆಗೇ ನೋಡುತ್ತಿದ್ದರು. ಧ್ವನಿವರ್ಧಕ ಗೊರಗೊರ ಎನ್ನುತ್ತಿದ್ದುದರಿಂದ ಹೆಸರು ಅವರಿಗೆ ಸರಿಯಾಗಿ ಕೇಳಿಸಿರಲಿಲ್ಲ. ಆ ಎತ್ತರದ ಫಲಕ ನೆಲದಲ್ಲಿ ನಿಂತವರಿಗೆ ಓದಲು ಬರುತ್ತಿರಲಿಲ್ಲ.

ವಾರ ಕಳೆದ ಮೇಲೆ ರೇಷನ್ ಅಂಗಡಿಯ ಎದುರು ಜಲಜ ಕೇಳಿದರು: "ಚಂದಣ್ಣ, ಕಲ್ಲ್ ಯಾವಾಗ್ ಬತ್ತ್?"

"ಸಿಮೆಂಟ್ ಹಾಕ್ ಬಿಟ್ರ್ ಜಲಜಕ್ಕ. ನಾನ್ ಇಲ್ದಿಪ್ಪಾಗ."

ಜಲಜ ಅಕ್ಕಿಯ ಚೀಲ ಕೆಳಗಿಟ್ಟರು. "ಅತ್ತಿ ಹೆಸರ್ ಬರ್ದಿದ್ರಾ?"

"ಬರ್ದಿದ್ರ್."

"ಹಂಗಾರೆ ಹೋಯ್ಲಿ. ಅವ್ರ್ ಅಷ್ಟ್ ಎತ್ತರ ಯಾವಾಗ್ಳೂ ಹತ್ತಿದವ್ರಲ್ಲ," ಎಂದು ನಕ್ಕು, ಅಕ್ಕಿಯ ಚೀಲ ಎತ್ತಿಕೊಂಡು ಹೋದರು. ಆ ನಗುವನ್ನು ಚಂದು ಮನೆಯವರೆಗೂ ಹೊತ್ತುಕೊಂಡು ಬಂದರು. ಬೈದಿದ್ದರೆ ಅಲ್ಲೇ ಇಳಿಸಿ ಬರಬಹುದಿತ್ತು.

ಜಲಜ ಮಿಕ್ಸಿ ತಂದರು. ಮೀನೂಟದ ಹೋಟೆಲಿನವರು ಎರಡು ದಿನ ನೋಡಿದರು, ಗಿರಾಕಿಗಳು ರುಚಿ ಬೇರೆ ಅಂದರು, ಮಸಾಲೆ ನಿಂತಿತು. ಜಲಜ ಸಿಗಡಿ ಸುಲಿಯಲು ಸೇರಿದ ಸುದ್ದಿಯನ್ನು ಸ್ನೇಹಲತಾ ತಂದದ್ದು ರವಿಕೆ ಹೊಲಿಸಲು ಬಂದವರಿಂದ. "ಜಲಜಕ್ಕ ಈಗ ಚಟ್ಲಿ ಸುಲಿಯುಕ್ ಹೋತ್ರಂಬ್ರ್. ನೆಲ್ದ್ ಮೇಲೆ ಕೂತ್ಕಂಡ್, ಆ ಮೊಣಗಂಟಂಗೆ."

ಚಂದು ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ.

"ಹ್ವಾಯ್, ನಿಮ್ಗೇ ಹೇಳ್ದದ್ದ್." ಸ್ನೇಹಲತಾ ಹೊಲಿಗೆ ಯಂತ್ರ ನಿಲ್ಲಿಸಿದರು. "ಬೊಂಬಾಯಂಗೆ ಲೋಟ ತೊಳ್ದದ್ದ್ ನಾಚ್ಕಿ ಅಲ್ಲ. ಅದನ್ನ ಮುಚ್ಚಿಟ್ಕಂಡ್ರಿ. ಇದ್ ನಾಚ್ಕಿ. ಇದನ್ನ ಕಂಬದ್ ಮೇಲೆ ಬರ್ಸಿ ಇಟ್ರಿ."

ಚಂದು ಒಮ್ಮೆ ಪುಣೆಗೆ ಫೋನು ಮಾಡಿ, ತುದಿಯ ಕಲ್ಲು ತೆಗೆದು ಬೇರೆ ಹಾಕಬಹುದೇ ಎಂದು ಕೇಳಿದ್ದರು. "ಎಂತಕ್ಕೆ ಚಂದಣ್ಣ?" ಎಂದು ಸುಜನ್ ನಕ್ಕಿದ್ದರು. "ನಿಮ್ ಕಲ್ಲ್ ಬಾವುಟ ಹೊತ್ಕಂಡಿತ್ತ್, ಅದ್ಕಿಂತ ಎಂತ ಬೇಕ್?" ಏನು ಬೇಕು ಎಂದು ಹೇಳಲು ಹೊರಟರೆ ಮೊದಲಿನಿಂದ ಹೇಳಬೇಕಿತ್ತು. ಚಂದು ಮಳೆಯ ವಿಷಯ ತೆಗೆದು ಮಾತು ಮುಗಿಸಿದ್ದರು.

ಹೊಸ್ತಿನ ಹಬ್ಬ ಬಂತು. ಗದ್ದೆಯಿಂದ ಹೊಸ ತೆನೆ ತಂದು, ಮಾವಿನೆಲೆ ಹಲಸಿನೆಲೆಗಳ ನಡುವೆ ಇಟ್ಟು ನಾರಿನಿಂದ ಸುತ್ತಿ, ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಕಟ್ಟುವ ದಿನ. ಅದಕ್ಕೆ ಕದಿರು ಕಟ್ಟುವುದು ಎನ್ನುತ್ತಾರೆ. ಬಾಗಿಲು, ಬಾವಿಕಟ್ಟೆ, ತೆಂಗಿನಮರ, ದೋಣಿ, ಈಗೀಗ ಬೈಕಿಗೂ ಕಟ್ಟುತ್ತಾರೆ. ಗದ್ದೆ ಇಲ್ಲದವರು ಗದ್ದೆ ಇದ್ದವರ ಹತ್ತಿರ ಹೇಳಿ ನಾಲ್ಕು ತೆನೆ ಕೊಯ್ದು ತರುತ್ತಾರೆ.

ಆ ಬೆಳಿಗ್ಗೆ ಸುಜನ್ ಪುಣೆಯ ಸ್ನೇಹಿತರನ್ನು ಕರೆದುಕೊಂಡು ಗೋಪುರ ತೋರಿಸಲು ಬಂದಿದ್ದರು. ಬರುತ್ತಾರೆಂದು ಗೊತ್ತಿದ್ದ ಚಂದು ಮೊದಲೇ ಬಂದು ಕೆಳಗಿನ ಕಲ್ಲುಗಳನ್ನು ಉಜ್ಜಿ, ಏಣಿ ಇನ್ನೂ ಒರಗಿಸಿಟ್ಟಿದ್ದರು. ಜಲಜ ಒಳ್ಳೆಯ ಸೀರೆ ಉಟ್ಟು, ಕೈಯಲ್ಲೊಂದು ಕದಿರು ಹಿಡಿದು, ವಾಹನಗಳು ನಿಲ್ಲುವುದನ್ನು ಕಾದು ಹೆದ್ದಾರಿ ದಾಟಿದರು.

"ಏಣಿ ಇತ್ತಲ್ದಾ, ಲಾಯ್ಕ್ ಆಯ್ತ್. ಚಂದಣ್ಣ, ಇದನ್ನೊಂಚೂರ್ ಕಲ್ಲಿಗೆ ಕಟ್ಟಿ. ನಂಗ್ ಹತ್ತುಕ್ ಆತಿಲ್ಲ."

"ಇಲ್ಲಿಗಾ?"

"ಮತ್ತೆಂತ? ಅತ್ತಿ ಇಪ್ಪಾಗ ಒಂದ್ ವರ್ಷ ತಪ್ಸಿದವ್ರಲ್ಲ. ಕಲ್ಲ್ ರಸ್ತಿಗ್ ಬಂತಂದೇಳಿ ಕದ್ರ್ ತಪ್ಸುಕ್ ಆತ್ತಾ?"

ಸುಜನ್‌ಗೆ ಖುಷಿಯಾಯಿತು. ಹಬ್ಬದ ಆಚಾರ, ಹೆಂಗಸು, ಸ್ಮಾರಕ, ಎಲ್ಲ ಒಂದೇ ಚಿತ್ರದಲ್ಲಿ. "ಕಾಣಿ ಕಾಣಿ, ಫೋಟೊ ತೆಗಿನಿ," ಎಂದು ಸ್ನೇಹಿತರನ್ನು ಕರೆದರು. ಬಸ್ಸಿಗೆ ಕಾಯುತ್ತಿದ್ದವರೂ ಹತ್ತಿರ ಬಂದರು.

ಚಂದು ಏಣಿ ಹತ್ತಿದರು. ಕದಿರನ್ನು ಕಲ್ಲಿನ ಕೊರಳಿಗೆ ಸುತ್ತಿ ನಾರಿನ ಗಂಟು ಹಾಕಿದರು. ಇಷ್ಟು ದಿನ ನೋಡದೆ ಇಳಿಯುತ್ತಿದ್ದ ಕಲ್ಲು ಮುಖದ ಎದುರೇ ಇತ್ತು. ಎರಡು ತಲೆಮಾರಿನ ಹೆಂಗಸರು ಗುಂಡು ತಿರುವಿ ನುಣುಪಾಗಿಸಿದ ಗುಳಿಯ ಅಂಚು ಬೆರಳಿಗೆ ತಾಗಿತು. ಅಂಚಿನಿಂದ ಒಳಗೆಲ್ಲ ಕಾಂಕ್ರೀಟು.

"ಅಲ್ಲೇ ಇಪ್ಪಾಗ ಅತ್ತಿ ಹೆಸರ್ ಒಂದ್ಸಲ ದೊಡ್ಡಕ್ ಓದಿ, ಚಂದಣ್ಣ," ಕೆಳಗಿನಿಂದ ಜಲಜ ಕೂಗಿದರು. "ಹ್ಯಾಂಗ್ ಬರ್ದಿದ್ರ್ ಕೇಂಬ."

ಸೀತು ಎಂದರೆ ಸಾಕಿತ್ತು. ಎರಡೇ ಅಕ್ಷರ. ಕೆಳಗಿದ್ದವರಿಗೆ ಫಲಕ ಕಾಣುತ್ತಿರಲಿಲ್ಲ, ಸುಜನ್ ಮೊಬೈಲಿನಲ್ಲಿ ಮುಳುಗಿದ್ದರು. ಚಂದು ಬಾಯಿ ತೆರೆದರು. ಕದಿರು ಕಟ್ಟಿದ ಕೈ ಇನ್ನೂ ಕಲ್ಲಿನ ಮೇಲೇ ಇತ್ತು. ಆ ಸುಳ್ಳನ್ನು ಇನ್ನೊಂದು ಸಲ ಹೇಳುವಷ್ಟು ಧೈರ್ಯ ಅವರಲ್ಲಿ ಉಳಿದಿರಲಿಲ್ಲ. ಎದುರಿಗೆ ಏನಿತ್ತೋ ಅದನ್ನು ಓದಿದರು.

"ಕರ್ನಾಟಕ. ಹಾಲಾಡಿ. ಚಂದು."

"ಎಂತ?"

"ಚಂದು, ಹಾಲಾಡಿ," ಎಂದರು ಅವರು, ಈ ಸಲ ತಗ್ಗಿದ ದನಿಯಲ್ಲಿ.

ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಹೋಯಿತು. ಅದರ ಸದ್ದು ಅಡಗಿದ ಮೇಲೆ ಜಲಜ ಹೇಳಿದರು, ಏನೂ ಏರು ದನಿಯಿಲ್ಲದೆ: "ಹಂಗಾರೆ ಕದ್ರ್ ಬಿಚ್ಚಿ ಕೊಡಿ. ನಮ್ ಮನಿ ಕದ್ರ್ ಬೇರೆಯವ್ರ ಕಲ್ಲಿಗ್ ಕಟ್ಟುದಲ್ಲ."

ಒದ್ದೆ ನಾರು ಬಿಗಿದುಕೊಂಡಿತ್ತು. ಉಗುರಿಗೆ ಬರಲಿಲ್ಲ. ಎಲ್ಲರೂ ತಲೆ ಎತ್ತಿ ನೋಡುತ್ತಿರುವಾಗ ಚಂದು ಕಲ್ಲಿಗೆ ಮುಖ ಹಚ್ಚಿ ಗಂಟನ್ನು ಹಲ್ಲಿನಿಂದ ಬಿಡಿಸಬೇಕಾಯಿತು. ಇಳಿದು ಬಂದು ಕದಿರು ಕೊಟ್ಟರು. ಜಲಜ ಅದರ ಎಲೆಗಳನ್ನು ಸರಿಮಾಡಿ, ಸೆರಗಿನಲ್ಲಿ ಒರೆಸಿ, ಬಂದ ದಾರಿಯಲ್ಲೇ ಹೋದರು.

"ಎಂತ ಆಯ್ತ್ ಚಂದಣ್ಣ?" ಸುಜನ್ ಕೇಳಿದರು.

"ಕಲ್ಲ್ ನಮ್ದಲ್ಲ. ಅವ್ರ್ ಮನಿದ್ದ್. ನಮ್ದ್ ಯಾವಾಗ್ಳೋ ಒಡ್ದ್ ಹೋಯ್ತ್."

ಸುಜನ್ ಪುಣೆಯ ಸ್ನೇಹಿತರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಈಗ ಸುಮ್ನಿರಿ. ಸಂಜಿಗ್ ಮಾತಾಡುವ."

ಸಂಜೆ ಮಾತಾಡಿದರು. ಪೈಪು ತೆಗೆದರೆ ಜನ ಏನಾದರೂ ಅರ್ಥ ಕಟ್ಟುತ್ತಾರೆ, ಜಲಜ ಅವರಿಗೆ ಒಳ್ಳೆಯ ಗ್ರೈಂಡರ್ ಕೊಡಿಸುವ ಎಂಬುದು ಸುಜನ್ ಸಲಹೆ. "ಬಾವುಟ ಹಾರ್ಸುಕೆ ಜನವರಿವರೆಗ್ ಟೈಮ್ ಇತ್ತ್ ಮಾರ್ರೆ," ಎಂದರು ಚಂದು. "ಕಲ್ಲ್ ನಾನ್ ಕೇಂಡ್ ತಂದದ್ದ್. ನಾನೇ ಹೊತ್ಕಂಡ್ ಹೋಯ್ಕ್." ಸುಜನ್ ಒಪ್ಪಿದೆ ಎನ್ನಲಿಲ್ಲ, ಬೇಡ ಎಂದು ಇನ್ನೊಮ್ಮೆ ಹೇಳಲೂ ಇಲ್ಲ.

ಹಬ್ಬದ ದಿನ ಉಳಿ ಹಿಡಿಯುವುದಿಲ್ಲ ಎಂದು ಕರಿಯ ಮೇಸ್ತ್ರಿ ಮರುದಿನ ಬಂದರು. ತುದಿಯ ಕಲ್ಲು ಸುಲಭದಲ್ಲೇ ಕಳಚಿಕೊಂಡಿತು. ಪೈಪನ್ನು ಬುಡದಲ್ಲಿ ಕತ್ತರಿಸಬೇಕಾಯಿತು. ಫಲಕವನ್ನೂ ಕಿತ್ತರು.

ರಿಕ್ಷಾ ಜಲಜ ಅವರ ಅಂಗಳದಲ್ಲಿ ನಿಂತಾಗ ಅವರು ಮೀನು ಹೆಚ್ಚುತ್ತಿದ್ದರು. ಏಳಲಿಲ್ಲ, ಹಿಂಜಗಲಿಯ ಕಡೆ ಕತ್ತಿಯ ತುದಿಯಿಂದ ತೋರಿಸಿದರು. ಕಲ್ಲು ಇದ್ದ ಜಾಗದಲ್ಲಿ ನೆಲ ಬಿಳಿಚಿಕೊಂಡು ಒಂದು ಉರುಟು ಗುರುತಿತ್ತು. ಅದರ ಪಕ್ಕದಲ್ಲಿ ಗುಂಡುಕಲ್ಲು ಮಲಗಿತ್ತು. ನಿನ್ನೆಯ ಕದಿರನ್ನು ಅದಕ್ಕೆ ಕಟ್ಟಿದ್ದರು.

ಕಲ್ಲನ್ನು ಗುರುತಿನ ಮೇಲೆಯೇ ಕೂರಿಸಿದರು. ಜಲಜ ಕೈ ತೊಳೆದು ಬಂದು ನೋಡಿದರು. ಗುಳಿಯ ತುಂಬ ಸಿಮೆಂಟು, ನಡುವೆ ಪೈಪಿನ ಮೋಟು.

"ಇದ್ರಗೆ ಎಂತ ಕಡುದ್?"

ಕರಿಯ ಮೇಸ್ತ್ರಿ ಬಗ್ಗಿ ಬೆರಳಿನಿಂದ ಬಡಿದು ನೋಡಿ, ಜೋರಾಗಿ ಹೊಡೆದರೆ ಕಲ್ಲೇ ಸೀಳುತ್ತದೆ, ಸಣ್ಣ ಉಳಿಯಲ್ಲಿ ಚೂರು ಚೂರೇ ಬಿಡಿಸಬೇಕು, ತನಗೆ ಅಷ್ಟು ಪುರುಸೊತ್ತಿಲ್ಲ ಎಂದರು. ಉಳಿಯನ್ನು ಅಲ್ಲೇ ಬಿಟ್ಟುಹೋದರು.

ಆಮೇಲೆ ಚಂದು ಗೋಪುರ ತೊಳೆಯಲು ಹೋಗಲಿಲ್ಲ. ಬೆಳಿಗ್ಗೆ ಜಲಜ ಚಟ್ಲಿ ಸುಲಿಯಲು ಹೊರಡುವ ಹೊತ್ತಿಗೆ ಅವರು ಓಣಿಗೆ ಇಳಿಯುತ್ತಿದ್ದರು. ಬೀಗ ಹಾಕಿದ ಮನೆಯ ಹಿಂಜಗಲಿಯಲ್ಲಿ, ಮಸಾಲೆ ಕಡೆಯುವ ಅದೇ ಎತ್ತರದ ಮಣೆಯ ಮೇಲೆ ಕೂತು ಸಿಮೆಂಟು ಕೆತ್ತುತ್ತಿದ್ದರು. ಸದ್ದು ಓಣಿಗೆಲ್ಲ ಕೇಳುತ್ತಿತ್ತು. ದಾರಿಯಲ್ಲಿ ಹೋಗುವವರು ಬೇಲಿಯ ಹೊರಗಿನಿಂದ, "ಹ್ವಾಯ್ ಚಂದಣ್ಣ, ಹೋಟ್ಲ್ ಯಾವಾಗ್ ಸುರು?" ಎನ್ನುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, "ನಾನ್ ಲೋಟ ತೊಳ್ದವ ಮಾರಾಯ್ರೆ, ಹೋಟ್ಲ್ ನಂದಲ್ಲ," ಎಂದರು. ಕೇಳಿದವರು ಅದನ್ನೂ ತಮಾಷೆ ಎಂದುಕೊಂಡು ನಗುತ್ತ ಹೋದರು.

ಪೈಪಿನ ಮೋಟು ಒಂದು ಸಂಜೆ ಕಳಚಿ ಬಂತು. ಆ ಹೊತ್ತಿಗೆ ಜಲಜ ಕೆಲಸ ಮುಗಿಸಿ, ಗೋಡೆಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ಹತ್ತುತ್ತ ಬಂದರು. ಚಂದು ಎದ್ದು ಬದಿಗೆ ನಿಂತರು. ಜಲಜ ಬಗ್ಗಿ, ಸಿಗಡಿಯ ಸಿಪ್ಪೆಗೆ ಗೀರಿದ ಬೆರಳುಗಳನ್ನು ಗುಳಿಯೊಳಗೆ ಇಳಿಸಿ ಸುತ್ತಲೂ ಸವರಿದರು. ಅಡಿಯಲ್ಲಿ ಉಳಿದ ಸಿಮೆಂಟು ಬೆರಳಿಗೆ ತಾಗಿತು. ಪಕ್ಕದಲ್ಲಿದ್ದ ಗುಂಡನ್ನು ಎತ್ತಲು ಒಮ್ಮೆ ಕೈ ಹಾಕಿದವರು ಹಾಗೇ ಬಿಟ್ಟರು. ಅದಕ್ಕೆ ಕಟ್ಟಿದ ಕದಿರು ಒಣಗಿ ಹಳದಿಯಾಗಿತ್ತು.

"ಇನ್ನೂ ಇತ್ತ್," ಎಂದು ಹೇಳಿ ಒಳಗೆ ಹೋದರು.

ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಚಂದು ಮತ್ತೆ ಮಣೆಯ ಮೇಲೆ ಕೂತು ಉಳಿ ಎತ್ತಿಕೊಂಡರು.